ಬಾರ್ನಿಯ ಗುರುವಾರಗಳು

ಲಂಡನ್ನಿನ ಎರಡಂತಸ್ತಿನ ಬಸ್ಸಿನಲ್ಲಿ, ಮಹಡಿಯ ಎಲ್ಲಕ್ಕಿಂತ ಮುಂದಿನ ಸೀಟು ಮಕ್ಕಳಿಗೆಂದೇ ಇರುವುದು ಎಂದು ನಾನು ಬಹಳ ಕಾಲ ನಂಬಿದ್ದೆ. ನಿವೃತ್ತನಾದ ಮೇಲೆ ತಿಳಿಯಿತು, ಬೆಳಗಿನ ಒಂಬತ್ತು ದಾಟಿತೆಂದರೆ ಅದು ಮುದುಕರದು. ಆ ಹೊತ್ತಿಗೆ ಮಕ್ಕಳು ಶಾಲೆ ಸೇರಿರುತ್ತಾರೆ, ದುಡಿಯುವವರು ದುಡಿಮೆಗೆ ಹೋಗಿರುತ್ತಾರೆ, ನಮ್ಮ ಉಚಿತ ಪಾಸಿಗೆ ಆಗಷ್ಟೇ ಜೀವ ಬಂದಿರುತ್ತದೆ. ಮೊಣಕಾಲಿನ ಅನುಮತಿ ಪಡೆದು ಮೆಟ್ಟಿಲು ಹತ್ತಿ ಕುಳಿತರೆ ದೊಡ್ಡ ಗಾಜಿನಾಚೆ ಊರು ತಾನಾಗಿಯೇ ಎದುರಿಗೆ ಬರುತ್ತದೆ. ಮರದ ಕೊಂಬೆಗಳು ಗಾಜಿಗೆ ಬಡಿದಾಗ ನಾನು ಈಗಲೂ ತಲೆ ಬಗ್ಗಿಸುತ್ತೇನೆ. ಪಕ್ಕದಲ್ಲಿ ಕುಳಿತ ನನ್ನ ಹೆಂಡತಿ ವತ್ಸಲಾ ಬಗ್ಗಿಸುವುದಿಲ್ಲ. ಅವಳಿಗೆ ಗಾಜಿನ ಮೇಲೆ ನನಗಿಂತ ಹೆಚ್ಚು ನಂಬಿಕೆ.

ಬಸ್ಸು ಹತ್ತುವುದಕ್ಕೆ ನನ್ನದೇ ಒಂದು ಕಾರಣವಿತ್ತು. ಪಾರ್ಕ್ ರಾಯಲ್‌ನ ಒಂದು ದೊಡ್ಡ ಬೇಕರಿಯ ಗೋದಾಮಿನಲ್ಲಿ ನಾನು ಕೂದಲು ನರೆಯುವವರೆಗೆ ಕೆಲಸ ಮಾಡಿದೆ. ಯಾವ ಲಾರಿ ಯಾವ ಪೇಟೆಗೆ ಎಷ್ಟು ಬ್ರೆಡ್ಡು ಹೊತ್ತು ಹೋಗಬೇಕೆಂದು ಹೇಳುವುದು ನನ್ನ ಕೆಲಸ. ಪೆಂಜ್, ಕ್ಯಾಟ್‌ಫರ್ಡ್, ಚಿಂಗ್‌ಫರ್ಡ್ ಎಂದು ದಿನವೂ ಬಾಯಿಪಾಠದಂತೆ ಕೂಗುತ್ತಿದ್ದೆ, ಒಂದನ್ನೂ ಕಂಡಿರಲಿಲ್ಲ. ನಿವೃತ್ತಿಯ ಮೊದಲ ಬೇಸಿಗೆಯಲ್ಲಿ ಅವನ್ನೆಲ್ಲ ನೋಡಿ ಬರಲು ಹೊರಟೆ. ಮೊದಲ ಸರದಿ ಪೆಂಜ್‌ನದು. ಒಂದು ಬೀದಿ, ನಾಲ್ಕು ಅಂಗಡಿ, ಒಂದು ಚರ್ಚು. ಬಸ್‌ಸ್ಟಾಪಿನ ಬೆಂಚಿನ ಮೇಲೆ ಕುಳಿತು ವತ್ಸಲಾ ಸುತ್ತ ನೋಡಿದಳು.

“ಇದನ್ನ ನೋಡಾಕ ಕ್ವೀನ್ಸ್‌ಬರಿಯಿಂದ ಇಷ್ಟು ದೂರ ಬಂದ್ವೇನ್ರಿ?”

“ಇಲ್ಲಿಯವರು ನಾ ಕಳಿಸಿದ ಬ್ರೆಡ್ ತಿಂದಾರ.”

“ತಿಂದಿದ್ರ ಹೊಟ್ಟಿ ತುಂಬಿರ್ತದ. ನಡೀರಿ ಮನಿಗೆ.”

ಆದರೂ ನಮ್ಮ ತಿರುಗಾಟ ನಿಲ್ಲಲಿಲ್ಲ. ಬಸ್ಸುಗಳಲ್ಲಿ ಕುಳಿತು ನಾನು ಗಮನಿಸಿದ ಒಂದು ಸಂಗತಿಯೆಂದರೆ ಈ ಊರಿನ ಮುದುಕಿಯರು ನಡುವಿನ ಬಾಗಿಲಿಂದ ಇಳಿಯುವಾಗಲೂ ಮುಂದೆ ಕುಳಿತ ಡ್ರೈವರನಿಗೆ ಕೇಳುವಷ್ಟು ಗಟ್ಟಿಯಾಗಿ ‘ಥ್ಯಾಂಕ್ ಯೂ’ ಅನ್ನುತ್ತಾರೆ. ನಮ್ಮ ವಿಜಾಪುರದಲ್ಲಿ ಬಸ್ಸಿನವನಿಗೆ ಯಾರೂ ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಹೇಳಿದ್ದರೆ ಅವನು ಗಾಬರಿಯಾಗಿ ಚಿಲ್ಲರೆ ಎಣಿಸಿಕೊಳ್ಳುತ್ತಿದ್ದ. ಹಾಗೆಂದು ನಮ್ಮವರಿಗೆ ಉಪಕಾರದ ನೆನಪಿರುವುದಿಲ್ಲ ಎಂದಲ್ಲ. ನಮ್ಮ ಮನೆಗಳಲ್ಲಿ ಅದು ಮಾತಾಗಿ ಬರುವುದಿಲ್ಲ, ತಟ್ಟೆಯಲ್ಲಿ ಬರುತ್ತದೆ. ಜ್ವರ ಬಿಡಿಸಿದ ಡಾಕ್ಟರಿಗೆ ಉಂಡಿ, ಮಗನಿಗೆ ಲೆಕ್ಕ ಕಲಿಸಿದ ಮಾಸ್ತರಿಗೆ ಹೋಳಿಗೆ, ದೇವರಿಗೆ ನೈವೇದ್ಯ. ಕೊಡುವವರು ಒತ್ತಾಯ ಮಾಡಬೇಕು, ತೆಗೆದುಕೊಳ್ಳುವವರು ಬೇಡ ಬೇಡ ಅನ್ನುತ್ತ ತಿನ್ನಬೇಕು. ಆ ‘ಬೇಡ’ ನಿಜವಾದದ್ದೇ ಎಂದು ಯಾರೂ ನಿಂತು ವಿಚಾರಿಸುವುದಿಲ್ಲ.

ಇನ್ನು ಬಾರ್ನಿಯ ವಿಷಯ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯಲ್ಲಿ ಡೋರೀನ್ ಎಂಬ ವಿಧವೆ ಇದ್ದಳು. ಶಾಲೆಯೊಂದರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಿ ನಿವೃತ್ತಳಾದವಳು. ಅವಳ ನಾಯಿ ಬಾರ್ನಿ. ಗೋದಿಯ ಬಣ್ಣ, ಗಿಡ್ಡ ಕಾಲು, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷಗಳಾಗಿದ್ದವು. ಒಂದು ನವೆಂಬರಿನಲ್ಲಿ ಡೋರೀನ್‌ಗೆ ಸೊಂಟದ ಆಪರೇಶನ್ ಗೊತ್ತಾಯಿತು. ಆಮೇಲೆ ಸುಧಾರಿಸಿಕೊಳ್ಳಲು ಅವಳು ಕೆಂಟ್‌ನಲ್ಲಿದ್ದ ಅಕ್ಕನ ಮನೆಗೆ ಹೋಗಬೇಕಿತ್ತು. ಅಕ್ಕನ ಮನೆಯಲ್ಲಿ ಬೆಕ್ಕುಗಳು.

“ಮಿಸ್ಟರ್ ಕೆ,” ಎಂದಳು ಡೋರೀನ್ ನಮ್ಮ ಬಾಗಿಲಲ್ಲಿ ನಿಂತು. ಕುಲಕರ್ಣಿ ಎಂಬುದನ್ನು ಅವಳು ಬಹಳ ಹಿಂದೆಯೇ ಅಷ್ಟಕ್ಕೆ ಇಳಿಸಿದ್ದಳು. “ದುಡ್ಡು ತೆಗೆದುಕೊಂಡು ನಾಯಿ ನೋಡಿಕೊಳ್ಳುವ ಜಾಗಗಳಿವೆ. ಅಲ್ಲಿ ಬಿಟ್ಟರೆ ಇವನು ಊಟ ಬಿಡುತ್ತಾನೆ. ನಿಮ್ಮನ್ನು ಬಿಟ್ಟು ಬೇರೆ ಯಾರನ್ನೂ ನಾನು ಕೇಳಲಾರೆ. ನನಗೆ ಉಳಿದಿರುವವನು ಇವನೊಬ್ಬನೇ.”

ಅಡುಗೆಮನೆಯಿಂದ ವತ್ಸಲಾ, “ಏನಂತ?” ಎಂದಳು.

“ಆರೇಳು ವಾರ ನಾಯಿ ಇಟ್ಕೋಬೇಕಂತ.”

“ಹೂಂ ಅನ್ರಿ.”

ನಾನು ಬೆರಗಾದೆ. ಇವಳು ಮೊಟ್ಟೆ ಹಾಕಿದ ಬಿಸ್ಕೀಟನ್ನು ಮನೆಯೊಳಗೆ ಬಿಟ್ಟುಕೊಂಡವಳಲ್ಲ. ನಾಯಿಯ ಜೊತೆ ಅದರ ಮಾಂಸದ ಡಬ್ಬಿಗಳೂ ಬರುತ್ತವೆ ಎಂದು ನೆನಪಿಸಿದೆ. “ಡಬ್ಬಿ ತೋಟದ ಶೆಡ್‌ನ್ಯಾಗ ಇಡೂಣು. ತಗಿಯೂದು ನಿಮ್ಮ ಕೆಲಸ,” ಎಂದಳು. ಹಾಗಾಗಿ ವೈಷ್ಣವರ ಮನೆಯಲ್ಲಿ ಹುಟ್ಟಿ, ಅರವತ್ತೇಳು ವರ್ಷ ಶುದ್ಧವಾಗಿ ಬಾಳಿದ ನಾನು ಲಂಡನ್ನಿನ ಚಳಿಯಲ್ಲಿ ಶೆಡ್ಡಿನೊಳಗೆ ನಿಂತು, ಮುಖ ಆಚೆ ತಿರುಗಿಸಿ, ಕೋಳಿಮಾಂಸದ ಡಬ್ಬಿ ಕೊರೆಯುವುದನ್ನು ಕಲಿತೆ. ವತ್ಸಲಾ ಅಡುಗೆಮನೆಯ ಗಾಜಿನ ಒಳಗಿಂದ ಕೈಸನ್ನೆ ಮಾಡಿ ನಿರ್ದೇಶನ ಕೊಡುತ್ತಿದ್ದಳು. ಬಾರ್ನಿ ನನ್ನ ಕಾಲ ಬಳಿ ಕುಳಿತು, ಇಷ್ಟು ಸರಳ ಕೆಲಸಕ್ಕೆ ಇವನೇಕೆ ಇಷ್ಟು ಒದ್ದಾಡುತ್ತಾನೆ ಎಂಬಂತೆ ನೋಡುತ್ತಿದ್ದ.

ಅವಳು ಅಷ್ಟು ಬೇಗ ಒಪ್ಪಿದ್ದೇಕೆಂದು ನನಗೆ ಗುರುವಾರ ತಿಳಿಯಿತು.

ವತ್ಸಲಾ ಕಲಬುರ್ಗಿ ಕಡೆಯವಳು, ದತ್ತ ಭಕ್ತರ ಮನೆತನ. ದತ್ತಾತ್ರೇಯನ ಪಟ ನೋಡಿದವರಿಗೆ ಗೊತ್ತು, ಅವನ ಕಾಲ ಬಳಿ ನಾಲ್ಕು ನಾಯಿಗಳಿರುತ್ತವೆ. ಅವು ನಾಲ್ಕು ವೇದಗಳೆಂದು ಬಲ್ಲವರು ಹೇಳುತ್ತಾರೆ. ಅವಳ ತವರಿನಲ್ಲಿ ಅಷ್ಟು ದೂರದ ಅರ್ಥ ಹುಡುಕುತ್ತಿರಲಿಲ್ಲ. ಗುರುವಾರ ನೈವೇದ್ಯ ಆದ ಕೂಡಲೇ ಮೊದಲ ತುತ್ತು ನಾಯಿಗೆ, ಆಮೇಲೆ ಮನೆಯವರಿಗೆ. ಅವಳ ತಂದೆ ಬಟ್ಟಲು ಹಿಡಿದು ಕಟ್ಟೆಗೆ ಬರುವಷ್ಟರಲ್ಲಿ ಓಣಿಯ ನಾಯಿಗಳು ಸಾಲಾಗಿ ಕುಳಿತಿರುತ್ತಿದ್ದವಂತೆ. ಅವಕ್ಕೂ ವಾರ ತಿಳಿಯುತ್ತಿತ್ತು. ಮದುವೆಯಾಗಿ ಲಂಡನ್ನಿಗೆ ಬಂದವಳಿಗೆ ಇಲ್ಲಿ ದೇವರ ಪಟ ಸಿಕ್ಕಿತು, ತೆಂಗಿನಕಾಯಿ ಸಿಕ್ಕಿತು, ಊದಿನಕಡ್ಡಿಯೂ ಸಿಕ್ಕಿತು. ಓಣಿಯ ನಾಯಿ ಸಿಗಲಿಲ್ಲ. ಇಲ್ಲಿ ಒಡೆಯನಿಲ್ಲದ ನಾಯಿಯೇ ಇಲ್ಲ. ವರ್ಷಗಟ್ಟಲೆ ಅವಳು ಹಿತ್ತಲಿನ ಗೋಡೆಯ ಮೇಲೆ ಬಟ್ಟಲಿಟ್ಟಳು. ಅಳಿಲು ತಿಂದವು, ಕಾಗೆ ತಿಂದವು, ಒಮ್ಮೊಮ್ಮೆ ನರಿ ಬಂದು ತಿಂದಿತು. ನರಿಯೂ ನಾಯಿಯ ಜಾತಿಯದೇ ಅಲ್ಲವೇ ಎಂದು ನಾನು ಸಮಾಧಾನ ಹೇಳಿದ್ದೆ.

“ನಿಮ್ಮ ದಾಯಾದಿಗೆ ಉಣಿಸಿದ್ರ ನಿಮಗ ಹೊಟ್ಟಿ ತುಂಬ್ತದೇನು?” ಎಂದಿದ್ದಳು.

ಬಾರ್ನಿಯ ಮೊದಲ ಗುರುವಾರ ಅವಳು ಎಂದಿಗಿಂತ ಬೇಗ ಎದ್ದಳು. ಶಿರಾ ಮಾಡಿದಳು. ಮಂಗಳಾರತಿಯ ಹೊತ್ತಿಗೆ ಬಾರ್ನಿ ಅಡುಗೆಮನೆಯ ಹೊಸ್ತಿಲಲ್ಲಿ ಬಂದು, ಯಾರೂ ಹೇಳದೆ, ಹಿಂಗಾಲ ಮೇಲೆ ಕುಳಿತ. ಗಂಟೆಯ ಸದ್ದಿಗೆ ನೆಟ್ಟಗಿದ್ದ ಕಿವಿ ಅಲುಗಿತು. ವತ್ಸಲಾ ಸ್ಟೀಲ್ ಬಟ್ಟಲಲ್ಲಿ ಶಿರಾ ಹಾಕಿ ಹಿತ್ತಲಿನ ಮೆಟ್ಟಿಲ ಮೇಲಿಟ್ಟು, “ಬಾರ್ನ್ಯಾ, ಬಾ ಅಪ್ಪಾ,” ಎಂದು ಕರೆದಳು. ಅವನು ತಿಂದ, ಬಟ್ಟಲು ನೆಕ್ಕಿದ, ತಲೆಯೆತ್ತಿ ಅವಳ ಮುಖ ನೋಡಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. “ಎಷ್ಟು ವರ್ಷ ಆಗಿತ್ತು ನೋಡ್ರಿ,” ಎಂದಳು, ಅಷ್ಟೇ.

ಅಲ್ಲಿಂದ ನಮ್ಮ ತಿರುಗಾಟ ಮೂವರದಾಯಿತು. ನಮಗೆ ಪಾಸು ಬೇಕು, ನಾಯಿಗೆ ಅದೂ ಬೇಡ. ಡ್ರೈವರ್ ಮನಸ್ಸು ಮಾಡಿದರೆ ಸಾಕು. ಬಾರ್ನಿಯನ್ನು ನೋಡಿ ಮನಸ್ಸು ಮಾಡದ ಡ್ರೈವರನನ್ನು ನಾನು ಕಾಣಲಿಲ್ಲ. ಮಹಡಿಯ ಮುಂದಿನ ಸೀಟಿನ ಕೆಳಗೆ, ಗಾಜಿಗೆ ಮೂಗು ಹಚ್ಚಿ ಅವನು ಕುಳಿತರೆ ಲಂಡನ್ನೆಲ್ಲ ಅವನ ಉಸಿರಿನ ಮಂಜಿನಲ್ಲಿ ಕಾಣುತ್ತಿತ್ತು. ಮೊದಲು ಇಪ್ಪತ್ತು ವರ್ಷದಲ್ಲಿ ಇಪ್ಪತ್ತು ಮಾತಾಡದ ಜನ ಈಗ ನಮ್ಮನ್ನು ನಿಲ್ಲಿಸಿ ಅವನ ಹೆಸರು ಕೇಳುತ್ತಿದ್ದರು. ನಮ್ಮ ಹೆಸರು ಯಾರೂ ಕೇಳುತ್ತಿರಲಿಲ್ಲ. ಒಂದು ದಿನ ದೋಸೆ ತಿನ್ನಲೆಂದು ಟೂಟಿಂಗ್‌ವರೆಗೂ ಹೋದೆವು. ಹೋಟೆಲಿನೊಳಗೆ ನಾಯಿಗೆ ಪ್ರವೇಶವಿಲ್ಲ. ಒಬ್ಬರು ಒಳಗೆ ದೋಸೆ ತಿನ್ನುವಾಗ ಇನ್ನೊಬ್ಬರು ಫುಟ್‌ಪಾತಿನ ಮೇಲೆ ಬಾರ್ನಿಯೊಡನೆ ನಿಂತೆವು. ಗಾಜಿನ ಆಚೆಯಿಂದ ಇಬ್ಬರೂ ನನ್ನ ದೋಸೆಯನ್ನು ನೋಡುತ್ತಿದ್ದರು. ಅಷ್ಟು ಅವಸರದಲ್ಲಿ ನಾನು ಎಂದೂ ದೋಸೆ ತಿಂದಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ಕಂಡಂತೆ, ಕಂಡ ಕ್ರಮದಲ್ಲೇ ಹೇಳಬೇಕು.

ಡಿಸೆಂಬರಿನಲ್ಲಿ ದತ್ತ ಜಯಂತಿ ಬಂತು. ನನ್ನ ತಮ್ಮನ ಕಡೆಯವರು ಆಗಷ್ಟೇ ಊರಿಂದ ಬಂದುಹೋಗಿದ್ದರು. ಅವರ ಸೂಟ್‌ಕೇಸಿನಲ್ಲಿ ನನಗಾಗಿ ಒಂದು ದೊಡ್ಡ ಚೀಲ ಒಣದ್ರಾಕ್ಷಿ ಇತ್ತು. ವಿಜಾಪುರದ ಒಣದ್ರಾಕ್ಷಿಯ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಜಂಬ. ಉದ್ದನೆಯ ಕಾಳು, ತಿಳಿ ಹಸಿರು ಬಣ್ಣ, ಹಲ್ಲಿಗೆ ಹಚ್ಚಿದರೆ ಮೊದಲು ಹುಳಿ, ಹಿಂದೆಯೇ ಸಿಹಿ. ಮಳೆ ಅಷ್ಟಾಗಿ ಕಾಣದ ನೆಲ ತನ್ನ ಬಿಸಿಲನ್ನೆಲ್ಲ ಹೀಗೆ ಕಟ್ಟಿ ಕಳಿಸುತ್ತದೆ ಎಂದು ನಾನು ಎಲ್ಲರೆದುರು ಹೇಳುತ್ತಿದ್ದೆ. ವತ್ಸಲಾ ಪಂಚಖಾದ್ಯ ಮಾಡಿದಳು. ಒಣಕೊಬ್ಬರಿ, ಉತ್ತತ್ತಿ, ಸಕ್ಕರೆ, ಗಸಗಸೆ, ಒಣದ್ರಾಕ್ಷಿ. ಬಾರ್ನಿಯ ಬಟ್ಟಲಿಗೆ ಹಾಕುವಾಗ ಅವನು ದ್ರಾಕ್ಷಿಯನ್ನೇ ಆರಿಸಿ ತಿನ್ನುತ್ತಾನೆಂದು ಅವಳು ಅದನ್ನೇ ಹೆಚ್ಚು ಹಾಕಿದಳು. “ಇನ್ನಷ್ಟು ಹಾಕು, ನಮ್ಮೂರಿನ ದ್ರಾಕ್ಷಿ,” ಎಂದವನು ನಾನು. ಹಬ್ಬದ ದಿನ, ಬೊಗಸೆ ತುಂಬ ಹಾಕಿದಳು.

ಸಂಜೆ ಅವನು ಹಿತ್ತಲಿನಲ್ಲಿ ವಾಂತಿ ಮಾಡಿದ. ನಾನೇ ನೀರು ಹಾಕಿ ತೊಳೆದೆ. ದ್ರಾಕ್ಷಿಗಳು ಉಬ್ಬಿ, ಮತ್ತೆ ಹಸಿ ಹಣ್ಣಿನಂತಾಗಿದ್ದವು. ಹಬ್ಬದ ದಿನ ಹೆಚ್ಚು ತಿಂದು ಹೊಟ್ಟೆ ಕೆಟ್ಟಿದೆ, ನಮಗೂ ಆಗುವುದಿಲ್ಲವೇ ಎಂದುಕೊಂಡೆ. ಬೆಳಿಗ್ಗೆ ಅವನು ಹಾಸಿಗೆಯಿಂದ ಏಳಲಿಲ್ಲ. ಗೋಡೆಯ ಮೊಳೆಯಿಂದ ಅವನ ಕೊರಳಿನ ಬೆಲ್ಟು ತೆಗೆದು ತೋರಿಸಿದೆ. ಬಸ್ಸಿಗೆ ಹೋಗುವುದೆಂದರೆ ಕುಣಿಯುತ್ತಿದ್ದವನು ಬಾಲದ ತುದಿಯನ್ನೂ ಆಡಿಸಲಿಲ್ಲ. ವತ್ಸಲಾ ಅವನ ಮೂಗು ಮುಟ್ಟಿದಳು. “ಒಣಗ್ಯದ,” ಎಂದಳು. ಬಸ್ಸಿಗೆ ಕಾಯಲಿಲ್ಲ. ಟ್ಯಾಕ್ಸಿ ತರಿಸಿ, ಅವಳ ಉಣ್ಣೆ ಶಾಲಿನಲ್ಲಿ ಸುತ್ತಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಬಾರ್ನಿಯ ಹೊಟ್ಟೆ ಒತ್ತುತ್ತ, ತಲೆಯೆತ್ತದೆ, ಅವನು ಇವುಗಳಲ್ಲಿ ಏನನ್ನಾದರೂ ತಿಂದಿದ್ದಾನೆಯೇ ಎಂದು ಒಂದೊಂದೇ ಹೆಸರು ಹೇಳಿದಳು. ಇಲಿಪಾಷಾಣ. ಚಾಕೊಲೇಟ್. ಈರುಳ್ಳಿ. ದ್ರಾಕ್ಷಿ, ಒಣದ್ರಾಕ್ಷಿ.

ಕೊನೆಯ ಹೆಸರಿಗೆ ನಾನು ಹೌದೆಂದೆ.

“ಎಷ್ಟು?”

ಆ ಮಾತು ವತ್ಸಲಾಗೆ ಅರ್ಥವಾಯಿತು. ಅವಳು ಎರಡೂ ಕೈ ಜೋಡಿಸಿ, ಬೊಗಸೆ ಮಾಡಿ, ಮೇಜಿನ ಮೇಲೆ ಹಿಡಿದು ತೋರಿಸಿದಳು. ಡಾಕ್ಟರು ಆ ಬೊಗಸೆಯನ್ನು ಸ್ವಲ್ಪ ಹೊತ್ತು ನೋಡಿದಳು. ನಾನೂ ನೋಡಿದೆ. ತೀರ್ಥ ತೆಗೆದುಕೊಳ್ಳುವಾಗ ಕೈ ಹಿಡಿಯುತ್ತೇವಲ್ಲ, ಹಾಗೆಯೇ ಇತ್ತು.

ದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂದು ಡಾಕ್ಟರು ವಿವರಿಸಿದಳು. ಏಕೆಂದು ಯಾರಿಗೂ ತಿಳಿದಿಲ್ಲ, ಪ್ರಾಣಿವೈದ್ಯರಿಗೂ ಇದು ಗೊತ್ತಾಗಿ ಬಹಳ ವರ್ಷವಾಗಿಲ್ಲ ಎಂದಳು. ಡ್ರಿಪ್ ಹಾಕಿ ಇಟ್ಟುಕೊಳ್ಳುತ್ತೇವೆ, ಅವನು ಮೂತ್ರ ಮಾಡಿದರೆ ಬದುಕುತ್ತಾನೆ, ಮಾಡದಿದ್ದರೆ ಕಷ್ಟ, ಒಡತಿಗೆ ತಿಳಿಸಿ ಎಂದಳು. ಬಾರ್ನಿಯನ್ನು ಎತ್ತಿಕೊಂಡು ಹೋಗುವಾಗ ವತ್ಸಲಾಳ ಶಾಲೂ ಅವನ ಜೊತೆಗೇ ಒಳಗೆ ಹೋಯಿತು.

ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತೆವು. ವತ್ಸಲಾ ಆಸ್ಪತ್ರೆಯ ಬಾಗಿಲನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, “ದೇವರ ಮುಂದ ಇಟ್ಟು ಕೊಟ್ಟಿದ್ದಲ್ಲೇನ್ರಿ ಅದು?”

ಬಸ್ಸು ಬಂತು. ಅಂದು ನಾವು ಮಹಡಿ ಹತ್ತಲಿಲ್ಲ.

ಮನೆಗೆ ಬಂದು ಕೆಂಟ್‌ಗೆ ಫೋನು ಮಾಡಿದೆ. ಬಾರ್ನಿಗೆ ಹುಷಾರಿಲ್ಲ, ಏನನ್ನೋ ತಿಂದು ಹೀಗಾಗಿದೆ, ಡ್ರಿಪ್ ಹಾಕಿದ್ದಾರೆ ಎಂದು ಡೋರೀನ್‌ಗೆ ಹೇಳಿದೆ. ಅವಳ ಉಸಿರು ಕೇಳಿಸಿತು. “ಏನು ಬೇಕೋ ಮಾಡಿ, ಮಿಸ್ಟರ್ ಕೆ. ಅವನನ್ನು ಕಳೆದುಕೊಳ್ಳಲಾರೆ,” ಎಂದಳು. ಫೋನಿಟ್ಟ ಕೂಡಲೇ ವತ್ಸಲಾ ಕೇಳಿದಳು.

“ಏನು ತಿಂದ ಅಂತ ಹೇಳಿದ್ರೇನು?”

“ಇಲ್ಲ. ಆಪರೇಶನ್ ಆದಾಕಿ...”

“ಇರ್ಲಿ. ಅದನ್ನ ನಾ ಹೇಳ್ತೀನಿ, ಆಕಿ ಬಂದ ಮ್ಯಾಲೆ. ಮಾರಿಗೆ ಮಾರಿ ಕೊಟ್ಟು.”

ನಮ್ಮ ನಾಡಿನಲ್ಲಿ ಸಾವಿರ ವರ್ಷದಷ್ಟು ಹಿಂದೆ, ಕಾಡುಹಂದಿಯೊಡನೆ ಹೋರಾಡಿ ಸತ್ತ ಒಂದು ಬೇಟೆನಾಯಿಗೆ ವೀರಗಲ್ಲು ನಿಲ್ಲಿಸಿದ್ದಾರೆ. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟು, ಪೂಜೆ ಮಾಡದೆ ಪೂಜಾರಿ ಉಣ್ಣಬಾರದೆಂದು ಬರೆಸಿದ್ದಾರೆ. ಶಾಲೆಯಲ್ಲಿ ಮಾಸ್ತರು ಇದನ್ನು ಹೇಳಿದಾಗ ನಾವು ಹುಡುಗರು ನಕ್ಕಿದ್ದೆವು. ನಾಯಿಯ ಸಲುವಾಗಿ ಮನುಷ್ಯ ಉಪವಾಸವೇ? ಆ ದಿನಗಳಲ್ಲಿ ನಮ್ಮ ಮನೆಯ ಊಟದ ಮೇಜನ್ನು ನೋಡಿದ್ದರೆ ಮಾಸ್ತರು ನನ್ನ ಕಡೆ ಒಂದು ನೋಟ ಎಸೆಯುತ್ತಿದ್ದರು. ವತ್ಸಲಾ ಅನ್ನ ಬಡಿಸಿಕೊಳ್ಳುತ್ತಿದ್ದಳು, ಕಲಸುತ್ತಿದ್ದಳು, ಹಾಗೆಯೇ ಬಿಟ್ಟು ಏಳುತ್ತಿದ್ದಳು. ನಾನು ಉಂಡೆ, ಆದರೆ ಏನು ಉಂಡೆನೆಂದು ಹೇಳಲಾರೆ.

ಬೆಳಿಗ್ಗೆಯೂ ಸಂಜೆಯೂ ಆಸ್ಪತ್ರೆಗೆ ಫೋನು ಮಾಡುವುದು ನನ್ನ ಕೆಲಸವಾಯಿತು. ಕೇಳಬೇಕಾದ ಪ್ರಶ್ನೆ ಒಂದೇ. ಅದನ್ನು ಮರ್ಯಾದೆಯಿಂದ ಕೇಳುವ ಇಂಗ್ಲಿಷು ನನಗೆ ಮೊದಲ ದಿನ ಬರಲಿಲ್ಲ, ಎರಡನೆಯ ದಿನ ಮರ್ಯಾದೆಯ ನೆನಪೇ ಆಗಲಿಲ್ಲ. ಇಲ್ಲ, ಇನ್ನೂ ಇಲ್ಲ ಎನ್ನುತ್ತಿದ್ದಳು ಅಲ್ಲಿಯ ಹೆಂಗಸು. ವತ್ಸಲಾ ದೀಪ ಹಚ್ಚಿ, ಪಟದ ಮುಂದೆ ಕುಳಿತಿರುತ್ತಿದ್ದಳು. ತುಟಿ ಆಡುತ್ತಿತ್ತು. ಏನು ಬೇಡುತ್ತಿದ್ದಳೆಂದು ನನಗೆ ಗೊತ್ತಿತ್ತು. ಮಕ್ಕಳನ್ನು ಕೊಡು, ಸಂಪತ್ತು ಕೊಡು, ಮುಕ್ತಿ ಕೊಡು ಎಂದು ಕೇಳಿಸಿಕೊಂಡ ದೇವರು, ಒಂದು ನಾಯಿಗೆ ಮೂತ್ರ ಬರಿಸು ಎಂಬ ಬೇಡಿಕೆಯನ್ನು ಬಹುಶಃ ಮೊದಲ ಸಲ ಕೇಳಿದ್ದಿರಬೇಕು.

ಮೂರನೆಯ ಬೆಳಿಗ್ಗೆ ಫೋನು ಅವರಿಂದಲೇ ಬಂತು. ನಾನು ಸ್ನಾನಕ್ಕೆ ಹೋಗಿದ್ದೆ. ಎಂದೂ ಫೋನು ಎತ್ತದ ವತ್ಸಲಾ ಎತ್ತಿದ್ದಳು. ಬಚ್ಚಲಿನ ಬಾಗಿಲು ಬಡಿಯತೊಡಗಿದಳು.

“ಏನ್ರೀ! ಬಾರ್ನ್ಯಾ ಉಚ್ಚಿ ಹೊಯ್ದನಂತ್ರಿ! ಭಾಳ ಹೊಯ್ದನಂತ!”

ಮಡಿಯಲ್ಲಿದ್ದು, ಅಷ್ಟು ಗಟ್ಟಿಯಾಗಿ, ಅಷ್ಟು ಸಂತೋಷದಿಂದ ಆ ಮಾತನ್ನು ಅವಳು ಜನ್ಮದಲ್ಲಿ ಆಡಿದವಳಲ್ಲ. ನಾನು ಮೈಮೇಲಿನ ಸಾಬೂನಿನೊಡನೆ ಬಾಗಿಲ ಈಚೆ ನಿಂತು ಅತ್ತೆ. ನೀರು ಬಿಟ್ಟಿದ್ದರಿಂದ ಅವಳಿಗೆ ಕೇಳಿಸಿರಲಿಕ್ಕಿಲ್ಲ.

ಬಾರ್ನಿ ಮನೆಗೆ ಬಂದ. ಮುಂಗಾಲಿನಲ್ಲಿ ಸೂಜಿ ಚುಚ್ಚಲು ಕೂದಲು ಬೋಳಿಸಿದ ಒಂದು ಪಟ್ಟಿ. ಬಂದವನೇ ಹೊಸ್ತಿಲಲ್ಲಿ ಕುಳಿತು ವತ್ಸಲಾಳನ್ನು ನೋಡಿದ. ಅವಳು ಕೈ ಮುಂದೆ ಮಾಡಿ, ಹಿಂದಕ್ಕೆ ತೆಗೆದುಕೊಂಡಳು. ಮುಂದಿನ ದಿನಗಳಲ್ಲಿ ಅವನ ಅನ್ನ ನೀರು ಎಲ್ಲ ನನ್ನ ಕೈಯಿಂದಲೇ. ಗುರುವಾರ ಹಿತ್ತಲಿನ ಬಾಗಿಲು ತೆರೆಯಲಿಲ್ಲ.

ಜನವರಿಯ ಮೊದಲ ವಾರ ಡೋರೀನ್ ಕೋಲು ಊರುತ್ತ ಬಂದಳು. ವತ್ಸಲಾ ಇಳಕಲ್ ಸೀರೆ ಉಟ್ಟು, ಮೇಲೆ ಕೋಟು ತೊಟ್ಟು, ನನ್ನನ್ನೂ ಬಾರ್ನಿಯನ್ನೂ ಹಿಂದೆ ಕರೆದುಕೊಂಡು ಪಕ್ಕದ ಮನೆಗೆ ಹೋದಳು. ನಾನು ಬಾಯಿ ತೆರೆಯುವ ಮೊದಲೇ ತನ್ನ ಇಂಗ್ಲಿಷಿನಲ್ಲಿ ಹೇಳಿದಳು. ಒಂದೊಂದೇ ತುಂಡು, ಒಂದರ ಮುಂದೆ ಒಂದು. “ಡೋರೀನ್, ಐ ಗೇವ್. ಗಾಡ್ಸ್ ಫುಡ್. ರೈಸಿನ್ಸ್. ಐ ಡಿಡ್ ನಾಟ್ ನೋ. ಬಟ್ ಐ ಗೇವ್.”

ಡೋರೀನ್ ಅವಳನ್ನೂ ನೋಡಿದಳು, ನಾಯಿಯ ಬೋಳು ಕಾಲನ್ನೂ ನೋಡಿದಳು. “ಐ ಸೀ,” ಎಂದಳು. ನನ್ನ ಕೈಯಿಂದ ಬೆಲ್ಟು ತೆಗೆದುಕೊಂಡಳು. ಬಾಗಿಲು ಮೆಲ್ಲಗೆ ಮುಚ್ಚಿತು.

ಈ ದೇಶದಲ್ಲಿ ಇಷ್ಟು ವರ್ಷ ಬಾಳಿದವರಿಗೆ ಆ ‘ಐ ಸೀ’ಯ ಭಾರ ಗೊತ್ತು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ನಮ್ಮ ಕಡೆ ಜಗಳವಾದರೆ ಓಣಿಗೆಲ್ಲ ಕೇಳಿಸಿ, ನಾಲ್ಕು ಜನ ಬಂದು ಬಿಡಿಸಿ, ಸಂಜೆಯೊಳಗೆ ಚಹಾ ಆಗಿರುತ್ತದೆ. ಇಲ್ಲಿ ಗೋಡೆಯ ಆಚೆ ಟೀವಿಯ ಸದ್ದು ಮಾತ್ರ. ನಾವು ಬಸ್ಸು ಹತ್ತುವುದನ್ನೂ ಬಿಟ್ಟೆವು. ಬಾರ್ನಿಯ ಉಸಿರಿನ ಮಂಜಿಲ್ಲದೆ ಮುಂದಿನ ಸೀಟಿನ ಗಾಜು ಸ್ವಚ್ಛವಾಗಿದ್ದರೆ ಈಗ ಏನೋ ಕೊರತೆ.

ಹೀಗೆ ಎರಡು ವಾರ. ಒಂದು ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಡೋರೀನ್, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬಾರ್ನಿಯ ಬೆಲ್ಟು.

“ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ ವತ್ಸಲಾ,” ಎಂದಳು. “ಚೆನ್ನಾಗಿ ಮಾಡಿಕೊಂಡಿದ್ದೆ. ನಿನ್ನೆ ಅಕ್ಕ ಕೊಟ್ಟ ಮಿನ್ಸ್ ಪೈ ಡಬ್ಬಿ ತೆಗೆದೆ. ಇವನು ಬಂದು ಕಾಲ ಬಳಿ ಕೂತ.”

ಮಿನ್ಸ್ ಪೈ ಎಂಬುದು ಕ್ರಿಸ್‌ಮಸ್ಸಿಗೆ ಇವರು ಮಾಡುವ ಕಡುಬಿನಂಥ ತಿನಿಸು. ಒಳಗಿನ ಹೂರಣವೆಲ್ಲ ಒಣದ್ರಾಕ್ಷಿ.

“ಪ್ರತಿ ಕ್ರಿಸ್‌ಮಸ್ಸಿಗೂ ಒಂದು ಇವನಿಗೆ ಅಂತ ಇಡುತ್ತ ಬಂದಿದ್ದೀನಿ. ಮರಿಯಾಗಿದ್ದಾಗಿನಿಂದ. ನನ್ನ ಕೈಯಾರೆ.” ಅವಳು ಬಾರ್ನಿಯ ಕಡೆ ನೋಡಿದಳು. “ಡಬ್ಬಿ ಕಸಕ್ಕೆ ಹಾಕಿದೆ. ಆಮೇಲೆ ಸಿಟ್ಟು ಮಾಡಿಕೊಳ್ಳೋಕೆ ಯಾರೂ ಉಳಿಯಲಿಲ್ಲ ನೋಡು. ಇವತ್ತು ಗುರುವಾರ ಅಲ್ಲವಾ, ನೀನು ಹಿತ್ತಲ ಗೋಡೆ ಮೇಲೆ ಬಟ್ಟಲಿಡುತ್ತಿದ್ದ ದಿನ? ಬೆಳಗಿನಿಂದ ನಿಮ್ಮ ಗೋಡೆ ಕಡೆ ಮುಖ ಮಾಡಿ ಕೂತಿದ್ದಾನೆ.”

ನಾನು ಕನ್ನಡದಲ್ಲಿ ಹೇಳುವ ಅಗತ್ಯವಿರಲಿಲ್ಲ. ವತ್ಸಲಾ ಅವಳ ಕೋಲು ಹಿಡಿದ ಕೈಯನ್ನು ಹಿಡಿದು ಒಳಗೆ ಕರೆತಂದಳು. ಒಲೆಯ ಮೇಲೆ ಆಗಲೇ ಶಿರಾ ಆಗಿತ್ತು. ಅವಳು ಅದನ್ನು ಮುಚ್ಚಿಟ್ಟು, ಡೋರೀನ್ ಕಡೆ ತಿರುಗಿ, “ವಾಟ್ ಈಸ್ ಗುಡ್ ಫಾರ್ ಹಿಮ್?” ಎಂದು ಕೇಳಿದಳು. ಸಪ್ಪೆ ಅನ್ನ, ಬೇಯಿಸಿದ ಗಜ್ಜರಿ ಎಂದಳು ಡೋರೀನ್. ಅಂದು ದತ್ತಾತ್ರೇಯನಿಗೆ ಸಪ್ಪೆ ಅನ್ನ ಮತ್ತು ಬೇಯಿಸಿದ ಗಜ್ಜರಿಯ ನೈವೇದ್ಯವಾಯಿತು. ಉಪ್ಪಿಲ್ಲ, ತುಪ್ಪವಿಲ್ಲ. ದೇವರು ಏನೂ ಅನ್ನಲಿಲ್ಲ. ಹಿತ್ತಲಿನ ಬಾಗಿಲು ತೆರೆಯಿತು. ಬಟ್ಟಲಿಡುವಾಗ ವತ್ಸಲಾಳ ಕೈ ತಡೆಯಿತು. ಬಾರ್ನಿ ಕಾಯಲಿಲ್ಲ.

ಕೊಡುವುದು ದೊಡ್ಡದೆಂದು ನಮಗೆಲ್ಲ ಕಲಿಸಿದ್ದಾರೆ. ಕೊಡುವ ಮುನ್ನ ಕೇಳುವುದನ್ನು ಕಲಿಸಿದ ನೆನಪಿಲ್ಲ. ಕೇಳಿದರೆ ಕೊಡುವ ಮನಸ್ಸಿಲ್ಲವೆಂದು ತಿಳಿಯುತ್ತಾರೆಂದು ನಮಗೆ ಭಯ. ಆ ಗುರುವಾರದಿಂದ ವತ್ಸಲಾ ಎಲ್ಲರನ್ನೂ ಕೇಳತೊಡಗಿದಳು. ಮೊದಲು ಡೋರೀನ್‌ಳನ್ನು. ವರ್ಷವರ್ಷವೂ ದೀಪಾವಳಿಗೆ ಕೊಡುವ ಚಕ್ಕುಲಿ ಸೇರುತ್ತದೆಯೇ ಎಂದು. ಡೋರೀನ್ ಕೆಂಪಾಗಿ, ಖಾರ ತಡೆಯದೆ ಅದೆಲ್ಲವನ್ನೂ ಅಂಚೆಯವನಿಗೆ ಕೊಡುತ್ತಿದ್ದೆ, ಅವನಿಗೆ ಬಹಳ ಇಷ್ಟ ಎಂದಳು. ವತ್ಸಲಾ ಒಂದು ದಿನವೆಲ್ಲ ಅದನ್ನೇ ಯೋಚಿಸಿ, ಮರುದಿನ ಬೆಳಿಗ್ಗೆ ಚಹಾದ ಕಪ್ಪು ನನ್ನ ಮುಂದಿಟ್ಟು ಎದುರಿಗೇ ಕುಳಿತಳು.

“ನಿಮಗ ಚಹಾದಾಗ ಏಲಕ್ಕಿ ಸೇರ್ತದೇನ್ರಿ?”

ನಾನು ಕಪ್ಪನ್ನು ನೋಡಿದೆ. ಹೌದು ಅಂದರೆ ಮುಗಿಯುತ್ತಿತ್ತು.

“ಶುಂಠಿ ಆದ್ರ ಇನ್ನೂ ಛಲೋ.”

“ಎಂದಿನಿಂದ?”

“ಮೊದಲಿನಿಂದನೂ.”

“ಮದಿವ್ಯಾಗಿ ನಲವತ್ತು ವರ್ಷ ಆತಲ್ರೀ! ಆ ಮೂಕ ಪ್ರಾಣಿ ಎರಡು ತಿಂಗಳದಾಗ ತಿಳಿಸ್ತು. ಬಾಯಿದ್ದ ನೀವು ಇಷ್ಟು ದಿನ ಏನು ಮಾಡಿದ್ರಿ?”

“ಕುಡದೆ,” ಎಂದೆ.

ಅವಳಿಗೆ ನಗು ಬಂತು. ಮರುದಿನದ ಚಹಾದಲ್ಲಿ ಶುಂಠಿ ಇತ್ತು. ತುಸು ಹೆಚ್ಚೇ ಇತ್ತು. ಕಪ್ಪು ಕೆಳಗಿಡುವ ಮೊದಲೇ ಹೇಳಿಬಿಟ್ಟೆ.